ಅಪ್ಪ ಪಾಸ್ ಮಾಡಿದ ಸೈಕಲ್

ಸ್ಕೂಟರ್ ತರುತ್ತೇನೆಂದು ಹೋದ ಅಪ್ಪ ಸೈಕಲ್ ತಂದರು. ತಳ್ಳಿಕೊಂಡು ಬಂದರು ಅನ್ನುವ ಹಾಗೂ ಇಲ್ಲ, ಅದಕ್ಕೆ ಟೈರೇ ಇರಲಿಲ್ಲ. ಹೆಗಲ ಮೇಲೆ ಹೊತ್ತುಕೊಂಡು ಬಂದರು. ಗೇಟಿನ ಹತ್ತಿರ ಅತ್ತಿಗೆ ಹೊಸ ಹೆಲ್ಮೆಟ್ ಹಿಡಿದು ನಿಂತಿದ್ದಳು. ಅದರ ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚಿರಲಿಲ್ಲ.

"ಮಾವ, ಸ್ಕೂಟರ್?"

"ಒಳಗೆ ಬಾ, ಹೇಳ್ತೀನಿ."

"ಹಿಂದೆ ಯಾರಾದ್ರೂ ಓಡಿಸ್ಕೊಂಡು ಬರ್ತಿದಾರಾ?" ಅತ್ತಿಗೆ ರಸ್ತೆಯ ತುದಿಯವರೆಗೂ ಕತ್ತು ಚಾಚಿದಳು. ನಮ್ಮ ಮನೆಯಲ್ಲಿ ಕುರ್ಚಿ ಹತ್ತದೆ ಬಲ್ಬ್ ಬದಲಿಸುವವಳು ಅವಳೊಬ್ಬಳೇ. ಅವಳಿಗೇ ಕಾಣಲಿಲ್ಲ ಅಂದ ಮೇಲೆ ಸ್ಕೂಟರ್ ಇಲ್ಲ ಅಂತಲೇ ಅರ್ಥ.

ಅತ್ತಿಗೆಗೆ ಊರಾಚೆಯ ದೊಡ್ಡ ಬೇಕರಿಯಲ್ಲಿ ಒಲೆ ಮುಂದಿನ ಕೆಲಸ ಸಿಕ್ಕಿತ್ತು. ಮೂರು ವರ್ಷ ಪ್ಯಾಕಿಂಗ್ ಟೇಬಲಿನಲ್ಲಿ ಬ್ರೆಡ್ಡಿಗೆ ಕವರ್ ಹಾಕಿ ಹಾಕಿ ಕೊನೆಗೂ ಒಲೆಯ ಕೆಲಸಕ್ಕೆ ಏರಿದ್ದಳು. ಸಂಬಳವೂ ಹೆಚ್ಚು, ಮರ್ಯಾದೆಯೂ ಹೆಚ್ಚು. ತೊಂದರೆ ಒಂದೇ. ಬೆಳಕು ಹರಿಯುವ ಮೊದಲೇ ಹಿಟ್ಟು ಒಲೆ ಸೇರಬೇಕು, ಮೊದಲನೇ ಬಸ್ಸು ಬರುವ ಹೊತ್ತಿಗೆ ಬ್ರೆಡ್ಡು ಬೆಂದು ಅಂಗಡಿ ಸೇರಿರುತ್ತದೆ. ಅದಕ್ಕೇ ಹಳೇ ಸ್ಕೂಟರಿಗೆಂದು ಮನೆಯವರೆಲ್ಲ ಸೇರಿ ದುಡ್ಡು ಕೂಡಿಸಿದ್ದೆವು. ಅತ್ತಿಗೆಯ ಎರಡು ಬಳೆ, ವೆಲ್ಡಿಂಗ್ ಶಾಪಿನಲ್ಲಿ ಅಣ್ಣ ದುಡಿದ ಓವರ್‌ಟೈಮು, ಅಮ್ಮ ಹೊಲಿಗೆಯಲ್ಲಿ ಉಳಿಸಿದ್ದು, ಜೆರಾಕ್ಸ್ ಅಂಗಡಿಯಲ್ಲಿ ನಾನು ಗಳಿಸಿದ ಚಿಲ್ಲರೆ. ದುಡ್ಡನ್ನು ಅಪ್ಪನ ಕೈಗೆ ಕೊಟ್ಟಿದ್ದಕ್ಕೆ ಕಾರಣವೂ ಇತ್ತು. ಅಪ್ಪನಿಗೆ ಯಾರೂ ಟೋಪಿ ಹಾಕಲಾರರು.

ಪಂಪ್ ಫ್ಯಾಕ್ಟರಿಯಲ್ಲಿ ಅಪ್ಪ ಜೀವಮಾನವಿಡೀ ಮಾಲು ತಪಾಸಣೆ ಮಾಡಿದವರು. ಚೆನ್ನಾಗಿದ್ದರೆ ಹಸಿರು ಚಾಕಿನ ಗೆರೆ, ಕೆಟ್ಟಿದ್ದರೆ ಕೆಂಪು ಚಾಕಿನ ಅಡ್ಡಗುರುತು. ಅದು ಸ್ಕೂಲಿನ ಚಾಕಲ್ಲ, ನೀರು ಹಾಕಿ ತಿಕ್ಕಿದರೂ ಹೋಗದ ಎಣ್ಣೆ ಚಾಕ್. ನಿವೃತ್ತಿಯಾಗುವಾಗ ಹಸಿರು ಚಾಕನ್ನು ಅಲ್ಲೇ ಬಿಟ್ಟು ಕೆಂಪು ಚಾಕನ್ನು ಜೇಬಿನಲ್ಲಿ ಇಟ್ಟುಕೊಂಡು ಬಂದರು. ನಮ್ಮ ಮನೆಯ ಬಕೆಟ್ಟು, ಎರಡು ಕುರ್ಚಿ, ನನ್ನ ಹೊಸ ಶೂ, ಎಲ್ಲದರ ಮೇಲೂ ಕೆಂಪು ಗುರುತು. "ಮದುವೆ ದಿನ ಇವರ ಜೇಬಲ್ಲಿ ಚಾಕ್ ಇರ್ಲಿಲ್ಲ, ನನ್ನ ಪುಣ್ಯ," ಅನ್ನುತ್ತಿದ್ದಳು ಅಮ್ಮ.

ಅಪ್ಪ ಸೈಕಲನ್ನು ಊಟದ ಮೇಜಿನ ಮೇಲೆ ಮಲಗಿಸಿದರು.

"ಸ್ಕೂಟರ್ ನೋಡ್ದೆ. ಚಾಸಿ ಮುರಿದು ವೆಲ್ಡ್ ಮಾಡಿದಾರೆ. ಮಡ್‌ಗಾರ್ಡ್ ಮೇಲೆ ಅಡ್ಡ ಎಳೆದು ಬಂದೆ, ರಿಜೆಕ್ಟು. ಅದೇ ಶೆಡ್ಡಿನ ಗೋಡೇಲಿ ಇದು ನೇತಾಡ್ತಿತ್ತು. ಇಂಗ್ಲೆಂಡಿನ ರೇಸ್ ಸೈಕಲ್. ನಮ್ಮಪ್ಪನ ಕಾಲದ್ದು. ಇಲ್ಲಿ ನೋಡಿ."

ಪೆಡಲಿನ ಕೆಳಗೆ, ತುಕ್ಕು ಕೆರೆದ ಜಾಗದಲ್ಲಿ, ಒಂದು ನಂಬರು. ಪಕ್ಕದಲ್ಲಿ ಸಾಸಿವೆಯಷ್ಟು ಸಣ್ಣ ನಕ್ಷತ್ರ.

"ಇನ್‌ಸ್ಪೆಕ್ಟರ್ ಸ್ಟ್ಯಾಂಪು," ಅಂದರು ಅಪ್ಪ. ಅವರ ದನಿಯೇ ಬದಲಾಗಿತ್ತು. "ಯಾರೋ ನನ್ನಂಥವನು ನೋಡಿ ಪಾಸ್ ಮಾಡಿದಾನೆ. ಇದ್ದ ದುಡ್ಡೆಲ್ಲ ಇದಕ್ಕೇ ಕೊಟ್ಟೆ. ಇದನ್ನ ರೆಡಿ ಮಾಡಿ ಮಾರಿದ್ರೆ ಎರಡರಷ್ಟು ಬರುತ್ತೆ. ಹಳೇ ಸ್ಕೂಟರ್ ಯಾಕೆ, ಹೊಸದೇ ತಗೊಳ್ಳೋಣ."

"ಹಾಲು ತರೋಕೆ ಹೋದೋನು ಹಸುವಿನ ಮೂಳೆ ಹೊತ್ಕೊಂಡು ಬಂದ್ನಂತೆ," ಅಂದಳು ಅಮ್ಮ. "ಮೇಜಿಂದ ಇಳಿಸಿ ಮೊದ್ಲು, ಅನ್ನ ಬಡಿಸ್ಬೇಕು."

ಅತ್ತಿಗೆ ಅಣ್ಣನ ಕಡೆ ನೋಡಿದಳು. ಅಣ್ಣ ನೆಲ ನೋಡಿದ. "ಏನಾದ್ರೂ ಹೇಳು," ಅಂದಳು.

"ಆಯ್ತಪ್ಪ," ಅಂದ ಅಣ್ಣ.

ಅವನು ಹೇಳುವುದೇ ಅಷ್ಟು. ಶಾಪಿನಲ್ಲೂ ಅವನಿಗೆ ಆಯ್ತಪ್ಪ ಅಂತಲೇ ಹೆಸರು. ನನಗೆ ಡೈಲಾಗ್ ಅಂತ ಹೆಸರು. ಸಿನಿಮಾದವರಂತೆ ಎದೆ ಮೇಲೆ ಕೈಯಿಟ್ಟು ಹೇಳಿದೆ: "ಈ ಮನೆಗೆ ಎರಡು ಚಕ್ರ ಬರಬೇಕು ಅಂತ ಬೇಡಿಕೊಂಡೆ ದೇವರೇ, ಚಕ್ರಕ್ಕೆ ಎಂಜಿನ್ ಇರ್ಲಿ ಅಂತ ಹೇಳೋಕೆ ಮರೆತೆ!"

ಯಾರೂ ನಗಲಿಲ್ಲ. ಅತ್ತಿಗೆ ಹೆಲ್ಮೆಟ್ಟನ್ನು ಬೀರುವಿನ ಮೇಲೆ ಇಟ್ಟಳು.

ಆಮೇಲಿನ ವಾರಗಳಲ್ಲಿ ನಮ್ಮ ಮನೆ ಮನೆಯಾಗಿ ಉಳಿಯಲಿಲ್ಲ. ಹಿಟ್ಟಿನ ಪಾತ್ರೆಯಲ್ಲಿ ಸೀಮೆಎಣ್ಣೆ, ಅದರಲ್ಲಿ ಸೈಕಲ್ ಚೈನು. ಬಟ್ಟೆ ಒಣಗಿಸುವ ಹಗ್ಗದಲ್ಲಿ ಚಕ್ರ. ನನ್ನ ಹಲ್ಲುಜ್ಜುವ ಬ್ರಷ್ಷು ಒಂದು ಬೆಳಿಗ್ಗೆ ಕಪ್ಪಾಗಿತ್ತು, ಕೇಳಿದರೆ "ನಿನ್ನದು ಮೆತ್ತಗಿತ್ತು" ಅಂದರು ಅಪ್ಪ. ಟಗರಿನ ಕೊಂಬಿನ ಹಾಗೆ ಕೆಳಗೆ ಬಾಗಿದ ಹ್ಯಾಂಡಲ್ ಊಟದ ಮೇಜಿನ ಕಾಲಿಗೆ ಒರಗಿರುತ್ತಿತ್ತು. ಕೂತವರ ಮೊಣಕಾಲಿಗೆ ದಿನವೂ ಒಂದು ಗುದ್ದು. ಅಮ್ಮನ ಹೊಲಿಗೆಗೆ ಬಂದ ಬಿಳಿ ಬಟ್ಟೆಯೊಂದಕ್ಕೆ ಗ್ರೀಸ್ ತಾಗಿ, ಅದನ್ನು ಅವಳೇ ಕೊಂಡುಕೊಳ್ಳಬೇಕಾಯಿತು.

ಅತ್ತಿಗೆ ಹಾಲಿನ ವ್ಯಾನ್ ಕಾಯುತ್ತಿದ್ದಳು. ವ್ಯಾನಿನವನು ಮನಸ್ಸು ಬಂದರೆ ನಿಲ್ಲಿಸುತ್ತಿದ್ದ, ಇಲ್ಲದಿದ್ದರೆ ಹಾರ್ನ್ ಹೊಡೆದು ಹೋಗುತ್ತಿದ್ದ. ಹಾಲಿನ ಕ್ರೇಟುಗಳ ನಡುವೆ ಕುಕ್ಕರುಗಾಲಲ್ಲಿ ಕೂತು ಹೋಗಿ, ಸಂಜೆ ಒಂದು ಚೀಲ ಬ್ರೆಡ್ ಹಿಡಿದು ಬರುತ್ತಿದ್ದಳು. ಆಕಾರ ಕೆಟ್ಟ ಬ್ರೆಡ್ಡನ್ನು ಬೇಕರಿಯವರು ಕೆಲಸದವರಿಗೆ ಬಿಟ್ಟಿ ಕೊಡುತ್ತಿದ್ದರು. ನಮ್ಮ ಎರಡೂ ಹೊತ್ತಿನ ಊಟ ಅದರಲ್ಲೇ ನಡೆಯುತ್ತಿತ್ತು.

"ಇವತ್ತೂ ತಡ ಆಯ್ತು," ಅಂದಳು ಒಂದು ದಿನ. "ಮೇಸ್ತ್ರಿ ಹೇಳಿದ್ರು, ಹಿಟ್ಟು ನಿನ್ನ ಕಾಯಲ್ಲಮ್ಮ, ಉಬ್ಬೋ ಹೊತ್ತಿಗೆ ಉಬ್ಬುತ್ತೆ ಅಂತ. ಇನ್ನೆಷ್ಟು ದಿನ ಮಾವ?"

"ಬಣ್ಣ ಒಣಗ್ಬೇಕು."

"ಒಣಗಿದ ಮೇಲೆ?"

"ಎರಡನೇ ಕೋಟು."

"ನನಗೆ ಸೈಕಲ್ ಬಣ್ಣ ಬೇಡ ಮಾವ, ಸ್ಕೂಟರ್ ಬೇಕು."

"ಅವಸರ ಮಾಡಿದ್ರೆ ಮಾಲು ಕೆಡುತ್ತೆ."

ಸೈಕಲ್ ಮುಗಿದ ದಿನ ನಾವೆಲ್ಲ ಕೈಕೆಲಸ ಬಿಟ್ಟು ಸುತ್ತ ನಿಂತು ನೋಡಿದೆವು. ಬಾಟಲಿ ಹಸಿರು ಬಣ್ಣ. ಕೊಳವೆಗಳು ಸೇರುವ ಕಡೆಯೆಲ್ಲ ಬಳ್ಳಿಯಂತೆ ಕೊರೆದ ಲೋಹ, ಅದರ ಅಂಚಿಗೆ ಕೂದಲೆಳೆಯಷ್ಟು ಬಂಗಾರದ ಗೆರೆ. ಚರ್ಮದ ಸೀಟು ಅಪ್ಪನ ಮದುವೆ ಶೂಗಿಂತ ಹೊಳೆಯುತ್ತಿತ್ತು. ಒಂದೇ ಕೊರತೆ, ಅದನ್ನು ಹತ್ತಲು ಅಪ್ಪನಿಗೆ ಆಗಲಿಲ್ಲ. ಯಾರೋ ಉದ್ದ ಕಾಲಿನವನಿಗೆ ಅಳತೆ ತೆಗೆದು ಮಾಡಿದ ಸೈಕಲ್ ಅದು. ಅಪ್ಪ ಸೀಟಿನಲ್ಲಿ ಕೂತರೆ ಪೆಡಲಿಗೆ ಫೋನ್ ಮಾಡಿ ಮಾತಾಡಬೇಕು, ಅಷ್ಟು ದೂರ. ಅಣ್ಣನಿಗೂ ಎಟುಕಲಿಲ್ಲ. ಅಪ್ಪ ತಲೆ ಕೆಡಿಸಿಕೊಳ್ಳಲಿಲ್ಲ. ಸೂರಿಗೆ ನೇತುಹಾಕಿ, ಚಕ್ರ ತಿರುಗಿಸಿ, ಕಿವಿಯಿಟ್ಟು ಕೇಳಿ, "ಸರಿಯಿದೆ" ಅಂದರು. ಅವರ ಬಾಯಲ್ಲಿ ಆ ಮಾತು ನಾನು ಕೇಳಿದ್ದು ಅದೇ ಮೊದಲು.

ಮೊದಲು ಬಂದದ್ದು ಜಿಮ್ಮಿಗೆ ಹೋಗುವ ಒಬ್ಬ ಉದ್ದನೆಯ ಹುಡುಗ. ತೋಳು ನೋಡಿದರೆ ಹೀರೋ. ಸೈಕಲ್ ನೋಡಿ "ಸೂಪರ್ ಸಾರ್, ಎಷ್ಟು?" ಅಂದ. ಅಮ್ಮ ಬಾಯಿ ತೆರೆಯುವ ಮೊದಲೇ ಅಪ್ಪ ಶುರು ಮಾಡಿದರು.

"ರೇಟ್ ಆಮೇಲೆ. ಮೊದ್ಲು ಕೇಳು. ಒಂದು, ಎಡಗಡೆ ಪೆಡಲ್ ಹಿಡಿಯೋ ಕ್ರ್ಯಾಂಕು ಬೇರೆ ಸೈಕಲ್‌ದು. ಎರಡು, ಹಿಂದಿನ ಚಕ್ರದ ಕಡ್ಡಿ ಹೊಸವು. ಮೂರು, ಬಣ್ಣ ನಾನು ಹಚ್ಚಿದ್ದು, ಅಸಲಿ ಅಲ್ಲ. ನಾಲ್ಕು..."

"ರೀ, ಅವರು ಕೇಳಿದ್ರಾ?" ಅಂದಳು ಅಮ್ಮ.

"ಕೇಳದಿದ್ರೂ ಹೇಳ್ಬೇಕು. ನಾಲ್ಕು, ಸೀಟಿನ ಕೆಳಗೆ ಹೊಲಿಗೆ..."

ಏಳನೆಯದಕ್ಕೆ ಬರುವಷ್ಟರಲ್ಲಿ ಹುಡುಗ ಬೇಸತ್ತು "ಒಂದು ರೌಂಡ್ ನೋಡ್ತೀನಿ ಸಾರ್" ಅಂತ ಹತ್ತಿಯೇಬಿಟ್ಟ. ಒಂಬತ್ತನೆಯದನ್ನು ಅವನು ಕೇಳಲೇಬೇಕಿತ್ತು. ರೇಸಿನ ಸೈಕಲ್ಲಾದ್ದರಿಂದ ಅದರ ಹಿಂದಿನ ಚಕ್ರಕ್ಕೆ ಎರಡೂ ಕಡೆ ಚೈನ್ ಕೂರುವ ಹಲ್ಲು. ಒಂದು ಕಡೆ ತಿರುಗಿಸಿ ಕೂರಿಸಿದರೆ ಎಲ್ಲ ಸೈಕಲಿನಂತೆ. ಇನ್ನೊಂದು ಕಡೆ ಕೂರಿಸಿದರೆ ಚಕ್ರ ನಿಲ್ಲುವವರೆಗೂ ಪೆಡಲೂ ನಿಲ್ಲುವುದಿಲ್ಲ. ಅಪ್ಪ ಅಸಲಿ ರೇಸಿನವರ ಹಾಗೆ ಎರಡನೆಯ ಕಡೆ ಕೂರಿಸಿದ್ದರು. ಹೀರೋ ಸ್ಟೈಲಾಗಿ ಕಾಲು ನಿಲ್ಲಿಸಿದ. ಪೆಡಲ್ ಅವನನ್ನು ಎತ್ತಿ ಎಡಗಡೆಯ ಬೇಲಿಗೆ ಎಸೆಯಿತು.

"ಎಡಕ್ಕೆ ಎಳೀತು ಸಾರ್!" ಅಂತ ಎದ್ದ, ತಲೆತುಂಬ ಎಲೆ.

"ಎಳೆಯೋದಲ್ಲ, ನಿಂಗೆ ಓಡ್ಸೋಕೆ ಬರಲ್ಲ," ಅಂದರು ಅಪ್ಪ.

ಹುಡುಗ ಹೋದ. ಆಮೇಲೆ ಬಂದವರೂ ಹೋದರು. ಅಪ್ಪನ ಪಟ್ಟಿ ಮಾತ್ರ ಬೆಳೆಯುತ್ತಾ ಹೋಯಿತು, ಕೊನೆಗೆ ಹದಿನೇಳಕ್ಕೆ ಬಂದು ನಿಂತಿತು. ಕೊಳ್ಳಲು ಬಂದವರು ಹೆಣ್ಣು ನೋಡಲು ಬಂದವರಂತೆ ನಗುತ್ತಾ ಬರುತ್ತಿದ್ದರು, ಜಾತಕ ಕೇಳಿದವರಂತೆ ಎದ್ದು ಹೋಗುತ್ತಿದ್ದರು.

"ಅಪ್ಪ ಇರೋವರೆಗೂ ಇದು ಮಾರಾಟ ಆಗಲ್ಲ," ಅಂದೆ ಅಮ್ಮನಿಗೆ.

"ಬಾಯಿ ತೊಳ್ಕೋ! ಮನೇಲಿ ಇರೋವರೆಗೂ ಅನ್ನು."

ಹಾಗಾಗಿ ಒಂದು ಭಾನುವಾರ ಅಣ್ಣ ಅಪ್ಪನನ್ನು ಕಣ್ಣು ಪರೀಕ್ಷೆಗೆ ಕರೆದುಕೊಂಡು ಹೋದ. ನಾವು ಅವನಿಗೆ ಹೇಳಿದೆವು, ಅವನು "ಆಯ್ತಪ್ಪ" ಅಂದ. ಆ ಹೊತ್ತಿಗೆ ಹಲ್ಲಿನ ಡಾಕ್ಟರ್ ಬಂದರು. ಅವರಿಗೆ ಕ್ಲಿನಿಕ್ಕಿನ ಗೋಡೆಗೆ ನೇತುಹಾಕಲು ಒಂದು ಹಳೇ ರೇಸ್ ಸೈಕಲ್ ಬೇಕಿತ್ತು.

"ಎಲ್ಲಾ ಅಸಲಿನಾ?" ಕೇಳಿದರು.

ನಾನು ಮುಂದೆ ಬಂದೆ. "ಸಾರ್, ಇದರ ಒಂದೊಂದು ನಟ್ಟೂ ಹಡಗಲ್ಲಿ ಬಂದಿದ್ದು. ಇದನ್ನ ನೋಡಿದೋರು ಇನ್ನೊಂದನ್ನ ನೋಡಲ್ಲ, ಇನ್ನೊಂದನ್ನ ನೋಡ್ದೋರು ಇದನ್ನ ಬಿಡಲ್ಲ!"

ಡಾಕ್ಟರಿಗೆ ಅರ್ಥವಾಗಲಿಲ್ಲ, ನನಗೂ ಆಗಿರಲಿಲ್ಲ. ಆದರೂ ಅಮ್ಮ ಚಹಾ ಕೊಟ್ಟಳು, ಡಾಕ್ಟರ್ ದುಡ್ಡು ಕೊಟ್ಟರು. ಸಂಜೆ ಅತ್ತಿಗೆ ಆ ದುಡ್ಡನ್ನು ಮುಟ್ಟಿ ನೋಡಿ, ಬೀರುವಿನ ಮೇಲಿಂದ ಹೆಲ್ಮೆಟ್ ಇಳಿಸಿ, ಧೂಳು ಒರೆಸಿದಳು.

ಅಪ್ಪ ಬಂದರು. ಖಾಲಿ ಮೂಲೆ ನೋಡಿದರು. ಊಟಕ್ಕೆ ಕೂತರು. ಬ್ರೆಡ್ ಮುರಿದು ಬೇಳೆಯಲ್ಲಿ ಅದ್ದಿದರು.

"ಕ್ರ್ಯಾಂಕ್ ವಿಷ್ಯ ಹೇಳಿದ್ರಾ?"

"ಹೇಳಿದ್ವಿ," ಅಂದಳು ಅಮ್ಮ.

"ಯಾವ ಕಡೆ ಕ್ರ್ಯಾಂಕು?"

ಅಮ್ಮ ನನ್ನನ್ನು ನೋಡಿದಳು. ನಾನು ಉಪ್ಪಿನಡಬ್ಬಿ ನೋಡಿದೆ.

ಮರುದಿನ ಅಪ್ಪ ಅಮ್ಮನ ಹಿಟ್ಟಿನ ಡಬ್ಬದಿಂದ ದುಡ್ಡು ತೆಗೆದುಕೊಂಡು ಕ್ಲಿನಿಕ್ಕಿಗೆ ಹೊರಟರು. ತಡೆಯಲು ಹಿಂದೆ ಓಡಿದ ನಾನು ಕೊನೆಗೆ ಸೈಕಲ್ ವಾಪಸ್ ತಳ್ಳಿಕೊಂಡು ಬಂದೆ. ಡಾಕ್ಟರ್ ಒಬ್ಬರ ಬಾಯೊಳಗೆ ಇಕ್ಕಳ ಹಾಕಿದ್ದರು.

"ಡಾಕ್ಟ್ರೇ, ಒಂದು ನಿಮಿಷ."

"ಹಲ್ಲು ಕೀಳ್ತಾ ಇದೀನಿ ಸಾರ್!"

"ನೀವು ಕೀಳಿ, ನಾನು ಹೇಳ್ತೀನಿ. ಒಂದು, ಎಡಗಡೆ ಕ್ರ್ಯಾಂಕು..."

ಹದಿಮೂರನೆಯದಕ್ಕೆ ಬಂದಾಗ ಬಾಯಿ ತೆರೆದು ಮಲಗಿದ್ದವನೇ ಕೈಯೆತ್ತಿ, ಮರಗಟ್ಟಿದ ತುಟಿಯಲ್ಲಿ, "ಬೇಡ ಬಿಡಿ ಡಾಕ್ಟ್ರೇ, ಇಷ್ಟೆಲ್ಲ ಇದ್ರೆ," ಅಂದ. ಹೊರಗೆ ಕಾಯುತ್ತಿದ್ದವರೂ ತಲೆಯಾಡಿಸಿದರು. ಡಾಕ್ಟರಿಗೆ ಅವಮಾನವಾಯಿತೋ ಭಯವಾಯಿತೋ, ದುಡ್ಡು ವಾಪಸ್ ತೆಗೆದುಕೊಂಡರು.

ಸಂಜೆ ಅತ್ತಿಗೆ ಬಂದವಳು ಮೂಲೆಯಲ್ಲಿ ಸೈಕಲ್ ನೋಡಿದಳು. ಬ್ರೆಡ್ ಚೀಲ ಮೇಜಿನ ಮೇಲಿಟ್ಟಳು.

"ಮಾವ, ದುಡ್ಡು?"

"ವಾಪಸ್ ಕೊಟ್ಟೆ."

"ಯಾಕೆ?"

"ಸುಳ್ಳು ಹೇಳಿ ಮಾರಿದ್ರು. ನಾನು ನೋಡಿದ ಮಾಲು ಸುಳ್ಳಿನ ಜೊತೆ ಮನೆ ದಾಟ್ಬಾರ್ದು."

"ಇವತ್ತು ನನ್ನನ್ನ ಒಲೆ ಕೆಲಸದಿಂದ ಇಳಿಸಿದ್ರು."

ಅಮ್ಮನ ಹೊಲಿಗೆ ಮಿಷನ್ ನಿಂತಿತು.

"ವ್ಯಾನ್ ಬರ್ಲಿಲ್ಲ. ನಡ್ಕೊಂಡು ಹೋದೆ. ಹೋಗೋಷ್ಟ್ರಲ್ಲಿ ಒಲೆ ಮುಂದೆ ಬೇರೆಯವಳು ನಿಂತಿದ್ಲು. ಮೇಸ್ತ್ರಿ ಪ್ಯಾಕಿಂಗ್ ಟೇಬಲ್ ಕಡೆ ಕೈ ತೋರಿಸಿದ್ರು. ಮತ್ತೆ ಕವರ್ ಹಾಕ್ತಾ ಕೂತೆ." ಅವಳು ಚೀಲದಿಂದ ಒಂದು ಬ್ರೆಡ್ ತೆಗೆದು ಅಪ್ಪನ ಮುಂದೆ ಹಿಡಿದಳು. "ಇದನ್ನ ನೋಡಿ. ಒಂದು ಕಡೆ ಸೀದಿದೆ, ಇನ್ನೊಂದು ಕಡೆ ಕುಸಿದಿದೆ. ರಿಜೆಕ್ಟ್ ಮಾಲು. ದಿನಾ ಎರಡೂ ಹೊತ್ತು ಇದನ್ನೇ ತಿಂತಿದೀರಲ್ಲ, ಒಂದಕ್ಕಾದ್ರೂ ಕೆಂಪು ಚಾಕ್ ಹಾಕಿದ್ರಾ ಮಾವ?"

ಅಪ್ಪ ಬ್ರೆಡ್ಡನ್ನು ತಿರುಗಿಸಿ ನೋಡಿದರು. ನಿಜವಾಗಿಯೂ ಯೋಚನೆ ಮಾಡಿ ಹೇಳಿದರು:

"ಬ್ರೆಡ್ ಮೇಲೆ ಚಾಕ್ ಹಿಡಿಯಲ್ಲಮ್ಮ."

ಅಮ್ಮ ಕೈಯಲ್ಲಿದ್ದ ಕತ್ತರಿಯನ್ನು ಮೇಜಿಗೆ ಕುಕ್ಕಿದಳು. "ಏನು ಮನುಷ್ಯರ್ರೀ ನೀವು! ಅವಳು ಏನು ಹೇಳ್ತಿದಾಳೆ, ನೀವು ಏನು ಹೇಳ್ತಿದೀರಿ?"

"ಕೇಳಿದ್ದಕ್ಕೆ ಹೇಳ್ದೆ."

"ನೀನಾದ್ರೂ ಬಾಯಿ ಬಿಡೋ!" ಅಂತ ಅಮ್ಮ ಅಣ್ಣನ ಮೇಲೆ ತಿರುಗಿದಳು. ಅಣ್ಣ ಬಾಯಿ ಬಿಟ್ಟ. "ಆಯ್" ಅನ್ನುವಷ್ಟರಲ್ಲಿ ಅತ್ತಿಗೆ ಅವನ ಕಡೆ ನೋಡಿದಳು. ಅವನು ಉಳಿದದ್ದನ್ನು ನುಂಗಿದ. ಅವತ್ತು ಮನೆಯಲ್ಲಿ ಯಾರೂ ಊಟ ಮಾಡಲಿಲ್ಲ.

ಬೆಳಗಿನ ಜಾವ ಹೊರಗೆ ಸದ್ದು. ಅತ್ತಿಗೆ ಸೈಕಲನ್ನು ಗೇಟಿನಾಚೆ ತಂದು ನಿಲ್ಲಿಸಿದ್ದಳು. ಅಪ್ಪ ಬನಿಯನ್ನಿನಲ್ಲೇ ಓಡಿದರು.

"ಅಯ್ಯೋ, ಅದು ಓಡ್ಸೋದಕ್ಕಲ್ಲ! ಮಾರೋ ಮಾಲು, ಗೀಚು ಬೀಳುತ್ತೆ!"

"ಬೀಳ್ಲಿ. ಹದಿನೆಂಟನೇದು ಅಂತ ಬರ್ಕೊಳ್ಳಿ."

ಉದ್ದ ಕಾಲು ಒಮ್ಮೆ ಬೀಸಿ ಹತ್ತಿದಳು. ಸೀಟು, ಪೆಡಲು, ಹ್ಯಾಂಡಲು, ಎಲ್ಲ ಅವಳ ಅಳತೆಗೇ ಇತ್ತು. ಇಷ್ಟು ದಿನ ನಮ್ಮ ಮನೆಯವರೆಲ್ಲ ಆ ಸೈಕಲಿನ ಮುಂದೆ ಕುಳ್ಳರಾಗಿ ನಿಂತಿದ್ದೆವು, ಇವಳ ಕಡೆ ಮಾತ್ರ ಯಾರೂ ನೋಡಿರಲಿಲ್ಲ.

ಸಂಜೆ ಮೊಣಕಾಲು ತರಚಿಕೊಂಡು ಬಂದಳು. "ಇದು ಸೈಕಲ್ಲೋ ಹಠಮಾರಿ ಕತ್ತೆಯೋ? ನಾನು ನಿಂತ್ರೂ ಅದು ನಿಲ್ಲಲ್ಲ. ಈ ಮನೇಲಿ ಯಾರಿಗಾದ್ರೂ ಹೇಳಿದ ಮಾತು ಕೇಳ್ಸುತ್ತಾ?"

ಮರುದಿನ ನೋಡಿದರೆ ಹಿಂದಿನ ಚಕ್ರ ಕಳಚಿ ತಿರುಗಿಸಿ ಕೂರಿಸಲಾಗಿತ್ತು. ಕಾಲು ನಿಲ್ಲಿಸಿದರೆ ಈಗ ಪೆಡಲೂ ನಿಲ್ಲುತ್ತಿತ್ತು. ಅಪ್ಪನ ಬೆರಳು ಕಪ್ಪಾಗಿದ್ದವು. ಅವರು ಪೇಪರ್ ಓದುತ್ತಿದ್ದರು.

ಹೀಗೇ ದಿನ ಹೋದವು. ಅತ್ತಿಗೆ ಒಂದು ದಿನವೂ ತಡ ಮಾಡಲಿಲ್ಲ. ಆದರೂ ಮೇಸ್ತ್ರಿ ಒಲೆಗೆ ಕರೆಯಲಿಲ್ಲ. "ಇನ್ನೊಂದು ತಿಂಗಳು ನೋಡೋಣ" ಅಂದರಂತೆ. ಮಳೆ ಬಂದ ದಿನ ಸೈಕಲ್ ಕೆಸರಾಗಿ ಬರುತ್ತಿತ್ತು. ಅಪ್ಪ ಒರೆಸುತ್ತಾ, ಗೀಚುಗಳನ್ನು ಎಣಿಸುತ್ತಾ, ಯಾರೋ ತೀರಿಹೋದವರ ಮನೆಯಲ್ಲಿ ಕೂತಂತೆ ಕೂರುತ್ತಿದ್ದರು. ಅತ್ತಿಗೆ ಅವರ ಜೊತೆ ಮಾತು ಬಿಟ್ಟಿದ್ದಳು. "ನಿಮ್ಮ ಮಾವನಿಗೆ ಉಪ್ಪು ಬೇಕಂತೆ" ಅಂತ ಅಮ್ಮ ಹೇಳಿದರೆ, ಉಪ್ಪಿನಡಬ್ಬಿ ನನ್ನ ಕೈ ದಾಟಿ ಹೋಗುತ್ತಿತ್ತು.

ಮಾತು ಮತ್ತೆ ಶುರುವಾದದ್ದೂ ಊಟದ ಹೊತ್ತಿನಲ್ಲೇ.

"ಮಾವ, ಅದು ಎಡಕ್ಕೆ ಎಳೆಯುತ್ತೆ."

"ರಸ್ತೆ ಓರೆ ಇರುತ್ತೆ."

"ಹೋಗುವಾಗ್ಲೂ ಎಡಕ್ಕೆ, ಬರುವಾಗ್ಲೂ ಎಡಕ್ಕೆ. ರಸ್ತೆ ನನ್ನ ಜೊತೆ ತಿರುಗಿ ಬರುತ್ತಾ?"

ಅಪ್ಪನ ಕೈ ತಟ್ಟೆಯಲ್ಲೇ ನಿಂತಿತು. "ಆ ಜಿಮ್ಮಿನ ಹುಡುಗನೂ ಅದೇ ಅಂದಿದ್ದ ಕಣ್ರೀ," ಅಂದಳು ಅಮ್ಮ, "ಬೇಲಿಯಿಂದ ಎದ್ದು."

ಅಪ್ಪ ಎಂಜಲು ಕೈಯಲ್ಲೇ ಎದ್ದರು. ಅಮ್ಮನ ನೂಲಿನ ಉಂಡೆ ತಂದು ಸೈಕಲಿನ ಹಿಂದಿನಿಂದ ಮುಂದಿನವರೆಗೂ ಎಳೆದರು. ಕನ್ನಡಕ ಹಾಕಿದರು, ತೆಗೆದರು, ಮತ್ತೆ ಹಾಕಿದರು. ಮುಂದಿನ ಚಕ್ರ ಹಿಡಿಯುವ ಫೋರ್ಕು ಒಂದು ಅಕ್ಕಿಕಾಳಿನಷ್ಟು ಎಡಕ್ಕೆ ಬಾಗಿತ್ತು.

"ಎಲ್ಲಾ ಅಳೆದಿದ್ದೆ," ಅಂದರು. "ಇದೊಂದು ಬಿಟ್ಟು. ಫ್ರೇಮಿನ ನಂಬರೂ ಫೋರ್ಕಿನ ನಂಬರೂ ಒಂದೇ. ಎರಡರ ಮೇಲೂ ನಕ್ಷತ್ರ ಇತ್ತು. ಪಾಸಾದ ಮಾಲು ಅಂತ ಅಳೀಲಿಲ್ಲ."

"ಅವನು ಪಾಸ್ ಮಾಡ್ದಾಗ ನೆಟ್ಟಗೇ ಇತ್ತೇನೋ. ಆಮೇಲೆ ಯಾವನೋ ಗೋಡೆಗೆ ಗುದ್ದಿರ್ತಾನೆ," ಅಂದಳು ಅಮ್ಮ.

"ನಾನು ನೋಡಿದ್ದೂ ಆಮೇಲೇ ಅಲ್ವೇನೇ."

ಜೇಬಿನಿಂದ ಕೆಂಪು ಚಾಕ್ ತೆಗೆದರು. ಫೋರ್ಕಿನ ಹತ್ತಿರ ಹಿಡಿದರು. ಗುರುತು ಹಾಕಲಿಲ್ಲ. ಚಾಕನ್ನು ಜೇಬಿಗೆ ಸೇರಿಸಿ, "ಎಲ್ಲಾ ಬಿಚ್ಚಿ ಸರಿ ಮಾಡ್ತೀನಿ. ಎರಡು ವಾರ ಕೊಡು," ಅಂದರು ಅತ್ತಿಗೆಗೆ.

"ಒಂದು ದಿನಾನೂ ಕೊಡಲ್ಲ ಮಾವ."

ಮರುದಿನ ಅಪ್ಪನ ಸ್ಪ್ಯಾನರುಗಳೆಲ್ಲ ಅತ್ತಿಗೆಯ ಊಟದ ಚೀಲದಲ್ಲಿ ಬೇಕರಿಗೆ ಹೋದವು. ಅಪ್ಪ ಇಡೀ ಮನೆ ಹುಡುಕಿದರು. ನಾನೂ ಜೊತೆಗೆ ಹುಡುಕಿದೆ. ಮಂಚದ ಕೆಳಗೆ ಟಾರ್ಚ್ ಬಿಟ್ಟು, "ಸಾಕ್ಷಿ ಇಲ್ಲ ಸಾರ್, ಕೇಸ್ ನಿಲ್ಲಲ್ಲ," ಅಂದೆ. ತಲೆಗೊಂದು ಮೊಟಕು ಬಿತ್ತು.

ಕೆಲವು ದಿನ ಕಳೆದು ಒಂದು ಸಂಜೆ ಅತ್ತಿಗೆ ಬರಲಿಲ್ಲ, ಅಣ್ಣನೂ ಬರಲಿಲ್ಲ. ಬೇಳೆ ಎರಡು ಸಲ ಬಿಸಿಯಾಯಿತು. ಆಮೇಲೆ ಹೊರಗೆ ಕೆಮ್ಮು ಹಿಡಿದ ಮುದುಕನಂಥ ಎಂಜಿನ್ ಸದ್ದು. ಅತ್ತಿಗೆ ಮುಂದೆ, ಹೆಲ್ಮೆಟ್ ಹಾಕಿಕೊಂಡು. ಅಣ್ಣ ಹಿಂದೆ, ಬ್ರೆಡ್ ಚೀಲ ಅಪ್ಪಿಕೊಂಡು.

"ಸೈಕಲ್ ಎಲ್ಲಿ?" ಅಂದರು ಅಪ್ಪ.

"ಮಾರ್ದೆ. ಹಲ್ಲಿನ ಡಾಕ್ಟ್ರಿಗೆ."

"ಅವರಿಗಾ! ಅವರು ಬೇಡ ಅಂದಿದ್ರಲ್ಲ?"

"ಬೇಕರಿಗೆ ಬ್ರೆಡ್ ತಗೊಳ್ಳೋಕೆ ಬಂದಿದ್ರು. ಹೊರಗೆ ನಿಂತಿದ್ದ ಸೈಕಲ್ ನೋಡಿ, ಇದು ಓಡುತ್ತಾ ಅಂದ್ರು. ಮಳೇಲೂ ದಿನಾ ಇದರಲ್ಲೇ ಬರ್ತಿದೀನಿ ಅಂದೆ. ಗೀಚು ತೋರಿಸಿ ರೇಟ್ ಇಳಿಸಿದ್ರು, ಕೊಟ್ಟುಬಿಟ್ಟೆ."

"ಕ್ರ್ಯಾಂಕ್ ವಿಷ್ಯ..."

"ನಿಮ್ಮ ಹದಿನೇಳೂ ಅವರಿಗೆ ಬಾಯಿಪಾಠ ಬರುತ್ತೆ ಮಾವ. ನೀವು ಬಿಟ್ಟಿದ್ದು ಒಂದು ಹೇಳ್ದೆ. ಎಡಕ್ಕೆ ಎಳೆಯುತ್ತೆ ಡಾಕ್ಟ್ರೇ, ಗೋಡೆ ಮೇಲೆ ಎಳೆಯಲ್ಲ ಅಂದೆ. ನಕ್ಕರು. ದುಡ್ಡು ಕೊಟ್ಟರು."

ಅಪ್ಪನ ಕಣ್ಣು ಸ್ಕೂಟರಿನ ಹಿಂದಿನ ಮಡ್‌ಗಾರ್ಡಿನ ಮೇಲೆ ನಿಂತಿತ್ತು. ಅಲ್ಲಿ ಧೂಳಿನ ಕೆಳಗೆ ಒಂದು ಕೆಂಪು ಅಡ್ಡಗುರುತು.

"ಇದು ಆ..."

"ಹೂಂ ಮಾವ. ಅದೇ ಶೆಡ್ಡು, ಅದೇ ಸ್ಕೂಟರು. ನಿಮ್ಮ ಗುರುತು ನೋಡಿ ಒಬ್ಬರೂ ಕೊಳ್ಳಲಿಲ್ವಂತೆ. ಉಜ್ಜಿದ್ರೂ ಹೋಗ್ಲಿಲ್ಲ ಅಂತ ಶೆಡ್ಡಿನವನು ಬೈಕೊಂಡು ರೇಟ್ ಇಳಿಸಿದ್ದ. ಇಲ್ಲದಿದ್ರೆ ಬಂದ ದುಡ್ಡು ಸಾಕಾಗ್ತಿರ್ಲಿಲ್ಲ."

"ಚಾಸಿ ವೆಲ್ಡ್ ಮಾಡಿದಾರೆ ಇದಕ್ಕೆ!"

"ಹೇಳು," ಅಂದಳು ಅತ್ತಿಗೆ, ಅಣ್ಣನಿಗೆ.

ಅಣ್ಣ ಬ್ರೆಡ್ ಚೀಲವನ್ನು ಈ ಕೈಯಿಂದ ಆ ಕೈಗೆ ಬದಲಿಸಿದ. "ನಾನು ಕೆಳಗೆ ಮಲಗಿ ನೋಡ್ದೆ, ಅಪ್ಪ. ಸುತ್ತಿಗೇಲಿ ಬಡಿದೂ ನೋಡ್ದೆ. ವೆಲ್ಡ್ ಗಟ್ಟಿಯಾಗಿದೆ. ನಾನು ಹಾಕೋದಕ್ಕಿಂತ ಚೆನ್ನಾಗಿದೆ." ಅಷ್ಟು ಉದ್ದದ ಮಾತು ಅವನೇ ಆಡಿದ್ದೆಂದು ಅವನಿಗೇ ನಂಬಿಕೆ ಬರಲಿಲ್ಲ, ಹಿಂದೆ ತಿರುಗಿ ನೋಡಿದ.

"ಮನೇಲೇ ವೆಲ್ಡರ್ ಇದ್ದ ಮಾವ," ಅಂದಳು ಅತ್ತಿಗೆ. "ಅವತ್ತು ನೀವು ಕೇಳ್ಲಿಲ್ಲ, ಇವ್ನು ಹೇಳ್ಲಿಲ್ಲ. ನನ್ನ ಒಲೆ ಹೋಯ್ತು."

ನನಗೆ ಒಂದು 'ಡೈಲಾಗ್' ನಾಲಿಗೆ ತುದಿಗೆ ಬಂದಿತ್ತು. ಅಮ್ಮ ನನ್ನ ಕಾಲು ತುಳಿದಳು. ಅವಳು ಬೇಳೆಯನ್ನು ಮೂರನೇ ಸಲ ಬಿಸಿ ಮಾಡಲು ಒಳಗೆ ಹೋದಳು. ಊಟದ ಮೇಜಿನ ಕೆಳಗೆ ಹ್ಯಾಂಡಲ್ ಇರಲಿಲ್ಲ. ಆದರೂ ಎಲ್ಲರೂ ಅಭ್ಯಾಸಬಲದಿಂದ ಕಾಲು ಮಡಚಿಯೇ ಕೂತೆವು.

ಬೆಳಗಿನ ಜಾವ ನಾನು ಕಿಟಕಿಯಿಂದ ನೋಡಿದಾಗ ಅಪ್ಪ ಆಗಲೇ ಅಂಗಳದಲ್ಲಿದ್ದರು. ಸ್ಕೂಟರಿನ ಹಿಂದೆ ಕುಕ್ಕರುಗಾಲಲ್ಲಿ ಕೂತು ಏನೋ ಮಾಡುತ್ತಿದ್ದರು. ಅತ್ತಿಗೆ ಬಂದ ಕೂಡಲೇ ಎದ್ದು ಪಕ್ಕಕ್ಕೆ ಸರಿದರು. ಮಾಸಿದ್ದ ಅಡ್ಡಗುರುತು ಹೊಸದಾಗಿ, ದಪ್ಪವಾಗಿ, ಕೆಂಪಗೆ ಹೊಳೆಯುತ್ತಿತ್ತು.

ಅತ್ತಿಗೆ ಅದನ್ನು ನೋಡಿದಳು. ಅಪ್ಪನನ್ನೂ ನೋಡಿದಳು. ಹೆಲ್ಮೆಟ್ಟಿನ ಪಟ್ಟಿ ಬಿಗಿದು ಕಿಕ್ ಹೊಡೆದಳು. ಸ್ಕೂಟರ್ ಕೆಮ್ಮಿತು. ಇನ್ನೊಂದು ಕಿಕ್. ಅಪ್ಪ ಒಂದು ಹೆಜ್ಜೆ ಮುಂದಿಟ್ಟು ಬಾಯಿ ತೆರೆದರು. ಅವರ ಮಾತಿಗಿಂತ ಮೊದಲು ಎಂಜಿನ್ ಶುರುವಾಯಿತು. ಗೇಟು ದಾಟಿತು. ಬೀದಿದೀಪದ ಕೆಳಗೆ ಒಮ್ಮೆ ಕಂಡು, ತಿರುವಿನಲ್ಲಿ ಮರೆಯಾಯಿತು.

ಅಮ್ಮ ಚಹಾದ ಲೋಟ ಹಿಡಿದು ಬಾಗಿಲಿಗೆ ಬಂದಳು. "ಹೋಯ್ತಾ?"

"ಹೋಯ್ತು," ಅಂದರು ಅಪ್ಪ. ಚಾಕನ್ನು ಜೇಬಿಗೆ ಹಾಕಿಕೊಂಡು ಇನ್ನೂ ರಸ್ತೆಯನ್ನೇ ನೋಡುತ್ತಿದ್ದರು. "ಹಿಂದಿನ ಕೆಂಪು ದೀಪ ಉರಿಯಲ್ಲ ಕಣೇ ಅದರದ್ದು. ಹೇಳೋಣ ಅನ್ನೋಷ್ಟ್ರಲ್ಲಿ ಹೊರಟುಬಿಟ್ಲು."

"ನಿಮ್ಮ ಕೆಂಪು ಗುರುತಿದೆಯಲ್ಲ, ಸಾಕು," ಅಂದಳು ಅಮ್ಮ. "ಚಹಾ ಕುಡೀರಿ. ಸಕ್ಕರೆ ಕಡಿಮೆ ಆಗಿದ್ರೂ ಸುಮ್ನೆ ಕುಡೀರಿ."